ಮೂರನೆಯ ಉದ್ಧರಣೆ

ನನ್ನ ಬರೆಯುವ ಮೇಜಿನ ಮೇಲೆ ಒಂದು ತಾಮ್ರದ ಉದ್ಧರಣೆ ಇದೆ. ಸಂಧ್ಯಾವಂದನೆಯಲ್ಲಿ ನೀರು ಎತ್ತಿ ಅಂಗೈಗೆ ಹಾಕಿಕೊಳ್ಳುವ ಸಣ್ಣ ಚಮಚ, ನನ್ನ ಮುಂಜಿವೆಯಲ್ಲಿ ಅಜ್ಜ ಕೊಟ್ಟದ್ದು. ಈಗ ಅದರ ಗುಣಿಯಲ್ಲಿ ಜೇನಿನ ಬಣ್ಣದ ಅಂಟು ಕೂತುಬಿಟ್ಟಿದೆ. ಉಗುರು ಒತ್ತಿದರೆ ಇವತ್ತಿಗೂ ಗೆರೆ ಬೀಳುತ್ತದೆ. ಗಟ್ಟಿಯಾಗುವ ಅಂಟಾಗಿದ್ದರೆ ಯಾವಾಗಲೋ ಕಲ್ಲಾಗಬೇಕಿತ್ತು. ಆದರೂ ನಾನು ದಿನಕ್ಕೊಮ್ಮೆ ಒತ್ತಿ ನೋಡುತ್ತೇನೆ. ಮನೆಗೆ ಬಂದವರು "ಇದೇನ್ರಿ?" ಅಂತ ಕೇಳಿದರೆ, "ವಿಮಾನದ ಸಾಮಾನು" ಅನ್ನುತ್ತೇನೆ. ಅವರು ನನ್ನನ್ನು ಸಂಶಯದಿಂದ ನೋಡುತ್ತಾರೆ. ನೋಡಲಿ ಬಿಡಿ. ಸಂಶಯದ ವಿಷಯದಲ್ಲಿ ನನಗೆ ಪಾಠ ಹೇಳುವವರು ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕುಗಳಲ್ಲಿ ಇನ್ನೂ ಹುಟ್ಟಿಲ್ಲ.

ಆ ನಾಲ್ಕೂ ತಾಲೂಕುಗಳಲ್ಲಿ ನಾನು ದನದ ಡಾಕ್ಟರಾಗಿದ್ದವನು. ದನಕ್ಕೆ ಮಾತು ಬರುವುದಿಲ್ಲ. ದನದ ಮಾಲಕನಿಗೆ ಬರುತ್ತದೆ, ತೊಂದರೆ ಇರುವುದೇ ಅಲ್ಲಿ. ಹಿರೇಕೆರೂರಿನಲ್ಲಿದ್ದಾಗ ಒಬ್ಬ ಎಮ್ಮೆ ಹೊಡೆದುಕೊಂಡು ಬಂದ. "ಎರಡ ದಿನದಿಂದ ಬಾಯಿಗೆ ಏನಂದ್ರ ಏನೂ ಹಚ್ಚಿಲ್ರಿ ಸಾಹೇಬ್ರ" ಅಂದ. ನಾನು ಎಮ್ಮೆಯ ಎಡಪಕ್ಕೆಯನ್ನು ಬೆರಳಿನಿಂದ ಬಡಿದು ಕೇಳಿದೆ. ತುಂಬಿದ ಕಣಜದ ಸದ್ದು.

"ಏನೂ ತಿಂದಿಲ್ಲಾ?"

"ಇಲ್ರೀ."

ಮತ್ತೊಮ್ಮೆ ಬಡಿದೆ. "ಏನೂ?"

"ಒಂಚೂರು ಅನ್ನಾರಿ. ಮದವಿ ಮನ್ಯಾಗ ಉಳದಿತ್ತು."

"ಒಂಚೂರು ಅಂದ್ರ?"

"ಒಂದ ಹಂಡೇರಿ."

ಹೀಗೆ ಬಾಯಿ ಹೇಳಿದ್ದನ್ನು ಬಿಟ್ಟು ಬೆರಳು ಹೇಳಿದ್ದನ್ನು ನಂಬುವುದು ರೂಢಿಯಾಯಿತು. ನಿವೃತ್ತನಾದ ಮೇಲೂ ಹೋಗಲಿಲ್ಲ. ಕಲ್ಲಂಗಡಿ, ತೆಂಗಿನಕಾಯಿ ಎಲ್ಲರೂ ಬಡಿದು ನೋಡುತ್ತಾರೆ. ನಾನು ಹೋದವರ ಮನೆಯ ಬಾಗಿಲು, ಮಂಚ, ಕಪಾಟು ಏನನ್ನೂ ಬಿಡುವುದಿಲ್ಲ. ಮಗಳನ್ನು ಕೊಡಬೇಕೆಂದಿದ್ದ ಮನೆಯಲ್ಲಿ ಉಪ್ಪಿಟ್ಟಿನ ತಾಟು ಕೈಯಲ್ಲಿ ಹಿಡಿದುಕೊಂಡೇ ಅವರ ಕಪಾಟು ಬಡಿದು, "ಇದು ಸಾಗವಾನಿ ಅಲ್ರೀ, ಮ್ಯಾಲೆ ಬರೇ ಹಾಳಿ ಅಂಟಿಸ್ಯಾರ" ಅಂದುಬಿಟ್ಟಿದ್ದೆ. ಪುಣ್ಯಕ್ಕೆ ಮದುವೆ ನಿಲ್ಲಲಿಲ್ಲ. ನನ್ನ ಹೆಂಡತಿ ಹೇಳುವುದುಂಟು: "ಇವರಿಗೆ ದೇವರು ಪ್ರತ್ಯಕ್ಷ ಆದ್ರೂ ಮೊದಲ ಎದಿ ಬಡದು ನೋಡ್ತಾರ, ಆಮ್ಯಾಲೆ ನಮಸ್ಕಾರ."

ತಪ್ಪು ನನ್ನೊಬ್ಬನದೇ ಅಲ್ಲ, ರಕ್ತದಲ್ಲೇ ಬಂದದ್ದು. ನಮ್ಮದು ಆಡೂರು. ಅಜ್ಜ ಸಂಸ್ಕೃತ ಪಂಡಿತರು, ಊರಿನ ಶಾಸನಗಳ ಮುಂದೆ ದಿನಗಟ್ಟಲೆ ಕುಕ್ಕರುಗಾಲಲ್ಲಿ ಕೂಡುತ್ತಿದ್ದವರು. ಸವೆದ ಅಕ್ಷರದ ಮೇಲೆ ನೀರು ಚಿಮುಕಿಸಿ, ಓರೆ ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿ ನೋಡಿ, "ಕಲ್ಲಿನ ಮ್ಯಾಲೆ ಅದ ಅಂತ ಖರೇ ಅನಬ್ಯಾಡೋ. ಕೆತ್ತಿದಾವನೂ ಮನುಷ್ಯಾನ" ಅನ್ನುತ್ತಿದ್ದರು. ಅಂಥವರ ಮೊಮ್ಮಗ ದನದ ಡಾಕ್ಟರಾದದ್ದು ಮನೆಯಲ್ಲಿ ಯಾರಿಗೂ ಸೇರಲಿಲ್ಲ. ಆದರೆ ಅಜ್ಜನ ವಿದ್ಯೆಯನ್ನು ಮುಂದುವರಿಸಿದವನು ನಾನೇ ಎಂದು ನನಗೆ ಒಳಗೊಳಗೇ ಹೆಮ್ಮೆ ಇದೆ.

ಈ ಸಂಶಯಕ್ಕೆ ಒಂದೇ ಒಂದು ವಿನಾಯಿತಿ ಇತ್ತು: ನಾನು ಸ್ವತಃ ಮಾಡಿದ ಕೆಲಸ.

ಅದನ್ನು ಹೇಳಬೇಕೆಂದರೆ ನನ್ನ ತಂಗಿ ವಾರಿಜಾಳನ್ನು ಕರೆತರಬೇಕು. ನನಗಿಂತ ಮೂರು ವರ್ಷ ಚಿಕ್ಕವಳು. ಅವಳಿಗೆ ಎಂಟು ವರ್ಷವಿದ್ದಾಗ, ಆಡೂರಿನ ಮನೆಯ ಮಾಳಿಗೆಯ ಮೇಲಿಂದ ಹಾರುತ್ತೇನೆ ಅಂದಳು. ಕೆಳಗೆ ಕಣಿಕೆಯ ಬಣವೆ ಇತ್ತು, ಜೀವಕ್ಕೇನೂ ಭಯವಿಲ್ಲ ಅಂತ ಲೆಕ್ಕ. ಎರಡು ಬಿದಿರ ಗಳಕ್ಕೆ ಅಪ್ಪನ ಧೋತರ ಹಾಸಿ ನಾನೇ ರೆಕ್ಕೆ ಮಾಡಿದೆ. ಅವಳ ಹೆಗಲಿಗೆ ನಾನೇ ಕಟ್ಟಿದೆ.

"ಗಂಟು ಗಟ್ಟಿ ಅದ ಏನಣ್ಣಾ?"

"ಆನಿ ಜಗ್ಗಿದ್ರೂ ಬಿಚ್ಚಂಗಿಲ್ಲ, ಜಿಗಿ."

ಜಿಗಿದಳು. ಬಲಗಡೆಯ ಗಂಟು ಗಾಳಿಯಲ್ಲೇ ಬಿಚ್ಚಿತು. ಬಣವೆ ಒಂದು ಕಡೆ, ಅವಳು ಇನ್ನೊಂದು ಕಡೆ. ಎಡಮೊಣಕೈ ಮುರಿಯಿತು, ಇವತ್ತಿಗೂ ಆ ಕೈ ಪೂರಾ ನೆಟ್ಟಗಾಗುವುದಿಲ್ಲ. ಅಪ್ಪ ಬಂದು, "ಯಾರು ಕಟ್ಟಿದ್ದು?" ಅಂತ ಗುಡುಗಿದರು. ನಾನು, "ಅಕೀನ ಕಟಗೊಂಡಾಳ" ಅಂದೆ. ವಾರಿಜಾ ಅಳುತ್ತಿದ್ದವಳು ಒಂದು ಕ್ಷಣ ಅಳು ನಿಲ್ಲಿಸಿ ನನ್ನನ್ನು ನೋಡಿದಳು. ಏನೂ ಹೇಳಲಿಲ್ಲ, ಮತ್ತೆ ಅಳತೊಡಗಿದಳು.

ಇಂಥ ಪೆಟ್ಟು ಬಿದ್ದವರು ಮುಂದೆ ಮಾಳಿಗೆ ಹತ್ತಲೂ ಹೆದರಬೇಕು. ಇವಳು ಕಾಲೇಜಿನಲ್ಲಿ ಎನ್‌ಸಿಸಿ ಸೇರಿ ಗ್ಲೈಡರ್ ಏರಿದಳು. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತ, ರಜೆ ಬಂದಾಗೊಮ್ಮೆ ಹೋಗಿ ವಿಮಾನ ಹಾರಿಸುವುದನ್ನು ಕಲಿತು ಪರವಾನಿಗಿ ತೆಗೆದುಕೊಂಡಳು. ನಿವೃತ್ತಿಯ ಮರುವಾರ ಶಿಗ್ಗಾಂವಿಯಿಂದ ತಡಸಕ್ಕೆ ಹೋಗುವ ದಾರಿಯಲ್ಲಿ ಹತ್ತಿ ತುಂಬುತ್ತಿದ್ದ ಹಳೆಯ ಗೋದಾಮೊಂದನ್ನು ಹಿಡಿದು, "ಅಣ್ಣಾ, ಕಟಗೀಲೆ ವಿಮಾನ ಕಟ್ಟವಳಿದ್ದೇನಿ. ಒಬ್ಬರು ಕೂಡೂವಂಥಾದ್ದು. ಮ್ಯಾಲೆ ಬಟ್ಟಿ ಹೊದಿಸೋದು" ಅಂದಳು.

"ಬಟ್ಟಿ" ಅಂದದ್ದೇ ತಡ, ನನಗೆ ಅಪ್ಪನ ಧೋತರ ಕಣ್ಣಿಗೆ ಕಟ್ಟಿತು. ಅಂದಿನಿಂದ ನಾನು ದಿನಾ ಗೋದಾಮಿಗೆ ಹಾಜರು. ಸಹಾಯಕ್ಕೆ ಅಂತ ಎಲ್ಲರಿಗೂ ಹೇಳುತ್ತಿದ್ದೆ. ಖರೇ ಅಂದರೆ ಹೋಗುತ್ತಿದ್ದುದು ಸಂಶಯಪಡುವುದಕ್ಕೆ.

ಸಂಶಯಪಡುವವನು ನಾನೊಬ್ಬನೇ ಆಗಿರಲಿಲ್ಲ. ಪಕ್ಕದ ಹೊಲದ ಈರಪ್ಪ ಮೊದಲ ತಿಂಗಳು ಅದನ್ನು ಕೋಳಿಗೂಡು ಅಂದುಕೊಂಡಿದ್ದ. ರೆಕ್ಕೆಯ ಎಲುಬುಗಳು, ಅಂದರೆ ಅದಕ್ಕೆ ಆಕಾರ ಕೊಡುವ ಕಟ್ಟಿಗೆಯ ಅಡ್ಡಪಟ್ಟಿಗಳು, ಸಾಲಾಗಿ ನಿಂತ ಮೇಲೆ ದೋಣಿ ಅಂದ. ವಿಮಾನ ಅಂತ ತಿಳಿದಾಗ, "ಬಟ್ಟಿ ವಿಮಾನಾನ್ರೀ? ಮಳಿ ಬಂದ್ರ ಹಿಂಡಿ ಒಣಗಸಾಕ ಹಾಕತೀರೇನು?" ಅಂತ ಕೇಳಿದ. ಒಂದು ದಿನ ಪೋಲೀಸರೊಬ್ಬರು ಬಂದು ಸುತ್ತಲೂ ತಿರುಗಿ ನೋಡಿ, "ಮ್ಯಾಡಂ, ಇದು ಹಾರತೈತೋ ಇಲ್ಲೋ ಅದನ್ನಷ್ಟ ಹೇಳ್ರಿ. ಹಾರೂದಾದ್ರ ಬ್ಯಾರೆ ಕಾಗದ, ಹಾರದಿದ್ರ ಬ್ಯಾರೆ ಕಾಗದ" ಅಂದರು. ವಾರಿಜಾ ಕಾಗದಗಳ ಕಡತವನ್ನೇ ಅವರ ಮುಂದಿಟ್ಟಳು. ಅವರು ನಾಲ್ಕು ಹಾಳೆ ತಿರುವಿ, ಚಹಾ ಕುಡಿದು ಹೋದರು.

ಕಟ್ಟಿಗೆ ಕೆಲಸಕ್ಕೆ ಹಿರೇಬೆಂಡಿಗೇರಿಯಿಂದ ಮೌನೇಶಪ್ಪ ಬರುತ್ತಿದ್ದರು. ಬಾಗಿಲು, ತೊಟ್ಟಿಲು, ಚಕ್ಕಡಿ ಮಾಡುವ ಬಡಿಗೇರರು. ನಕಾಶೆಯನ್ನು ಒಂದು ಸಲ ನೋಡಿ, ಕಿವಿಯ ಮೇಲಿನ ಪೆನ್ಸಿಲ್ ತೆಗೆದರೆಂದರೆ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಅಮಾವಾಸ್ಯೆಗೆ ಮಾತ್ರ ರಜೆ. ನಮ್ಮ ಕಡೆ ಬಡಿಗೇರರು ಅಮಾವಾಸ್ಯೆಯ ದಿನ ಉಳಿ ಬಾಚಿ ಮುಟ್ಟುವುದಿಲ್ಲ. ನಾಳೆಯೇ ಮದುವೆ ಮಂಚ ಬೇಕೆಂದು ಯಾರು ಕಾಲು ಹಿಡಿದರೂ ಮುಟ್ಟುವುದಿಲ್ಲ.

ಇಷ್ಟು ನೆಟ್ಟಗೆ ಕೆಲಸ ಮಾಡುವವರನ್ನು ಕಂಡರೆ ನನಗೆ ಸಂಶಯ ಹೆಚ್ಚು.

ಇಂಥ ವಿಮಾನದಲ್ಲಿ ಮೊಳೆಗಳ ಭರವಸೆಯಿಲ್ಲ, ಎಲ್ಲವೂ ಅಂಟಿನ ಮೇಲೆಯೇ. ಅಂಟು ಎರಡು ಡಬ್ಬಿಗಳಲ್ಲಿ ಬರುತ್ತದೆ. ದಪ್ಪನೆಯದು ಎರಡು ಪಾಲು, ಅದನ್ನು ಗಟ್ಟಿ ಮಾಡುವ ತೆಳ್ಳನೆಯದು ಒಂದು ಪಾಲು. ಸೆಲ್ಲಿನ ಸಣ್ಣ ತಕ್ಕಡಿಯಲ್ಲಿ ತೂಗಿ ಕೂಡಿಸಬೇಕು. ವಾರಿಜಾಳ ನಿಯಮ ಕಟ್ಟುನಿಟ್ಟು: ಪ್ರತಿ ಸಲ ಅಂಟು ಕೂಡಿಸಿದಾಗ ಎರಡು ಚೂರು ಕಟ್ಟಿಗೆಯನ್ನೂ ಅದೇ ಅಂಟಿನಿಂದ ಜೋಡಿಸಿ ಇಡಬೇಕು. ವಿಮಾನದಲ್ಲಿ ಕಟ್ಟಿಗೆಗೆ ಕಟ್ಟಿಗೆ ಸೇರುವ ಕೂಡಿನ ಮೇಲೂ ಆ ಚೂರಿನ ಮೇಲೂ ಅವತ್ತಿನ ತಿಥಿಯನ್ನು ಪೆನ್ಸಿಲ್ಲಿನಿಂದ ಬರೆಯಬೇಕು. ತಾರೀಖು ಯಾಕಲ್ಲ ಅಂದರೆ ಗೋದಾಮಿನಲ್ಲಿ ತೂಗುಹಾಕಿದ್ದು ಪಂಚಾಂಗ. ಮರುದಿನ ಚೂರನ್ನು ಮುರಿದು ನೋಡಿ ಬೇರೆ ಡಬ್ಬಿಗೆ ಹಾಕಿಡಬೇಕು. ಕಟ್ಟಿಗೆಯೇ ಸೀಳಿದರೆ ಅಂಟು ಪಾಸು, ಅಂಟು ಬಿಟ್ಟುಕೊಂಡರೆ ನಪಾಸು. ಮುರಿಯುವ ಅಧಿಕಾರವನ್ನು ನಾನು ಕೇಳಿ ಪಡೆದುಕೊಂಡಿದ್ದೆ. ಮೌನೇಶಪ್ಪ ಮಾಡಿದ ಒಂದೊಂದು ಚೂರನ್ನೂ ಇವತ್ತಾದರೂ ಬಿಟ್ಟೀತು ಅನ್ನುವ ಆಸೆಯಿಂದಲೇ ಮುರಿಯುತ್ತಿದ್ದೆ. ಒಂದೂ ಬಿಡಲಿಲ್ಲ.

ಬಟ್ಟೆ ಹೊದಿಸುವ ಮುಂಚಿನ ವಾರ ಒಂದು ಬೆಳಿಗ್ಗೆ, ರೆಕ್ಕೆಯ ಒಂದೊಂದು ಕೂಡನ್ನೂ ಬೆರಳಿನಿಂದ ಬಡಿಯುತ್ತ ಹೊರಟೆ. ಒಮ್ಮೆ ಬಟ್ಟೆ ಹೊದಿಸಿದರೆ ಒಳಗಿನದು ಯಾರಿಗೂ ಕಾಣುವುದಿಲ್ಲ. ಟಣ್, ಟಣ್, ಟಣ್. ಬಲರೆಕ್ಕೆಯ ಬುಡದಿಂದ ಮೂರನೆಯ ಎಲುಬಿಗೆ ಬಂದಾಗ ಸದ್ದು ಬದಲಾಯಿತು. ಧಬ್. ನೆನೆದ ಹಲಗೆಯ ಸದ್ದು. ಕೆಳಗೆ ತೂರಿ ನೋಡಿದೆ. ಪೆನ್ಸಿಲ್ಲಿನಲ್ಲಿ ಮಸುಕಾಗಿ "ಅಮಾವಾಸ್ಯೆ" ಅಂತ ಇತ್ತು.

ನನಗಾದ ಸಂತೋಷವನ್ನು ಈಗ ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ತಂಗಿಯ ಜೀವ ನಿಂತಿದ್ದ ಕೂಡು ಸಡಿಲವಾಗಿದೆ, ನನಗೆ ಮಾತ್ರ ಕಳ್ಳ ಸಿಕ್ಕ ಆನಂದ. ವಾರಿಜಾ ಊರೊಳಗೆ ಹೋಗಿದ್ದಳು. ಮೌನೇಶಪ್ಪ ಬಾಲದ ಹಲಗೆಗೆ ಉಜ್ಜುಗೊರಡು ಹಾಕುತ್ತಿದ್ದರು.

"ಮೌನೇಶ, ಇಲ್ಲಿ ಬಾ. ಇದೇನು?"

ಅವರೂ ಬಡಿದು ನೋಡಿದರು. ಮುಖ ಸಣ್ಣದಾಯಿತು. "ಕೂಡು ಹಿಡದಿಲ್ರಿ ಇದು."

"ಹ್ಯಾಂಗ ಹಿಡೀತದ? ಅಮಾಸಿ ದಿವಸ ಕದ್ದು ಅವಸರದಾಗ ಹಚ್ಚೀದಿ. ಹೊರಗ ನೇಮ ಹೇಳೋದು, ಒಳಗ ಇಂಥಾ ಕೆಲಸ. ನನ್ನ ತಂಗಿ ಕೂಡ್ತಾಳಪಾ ಇದರಾಗ!"

ಮೌನೇಶಪ್ಪ ನನ್ನನ್ನೇ ನೋಡಿದರು. "ಅಮಾಸಿ ದಿನಾ ನಾ ಉಳಿ ಮುಟ್ಟಿದ್ದು ನೋಡೀರೇನ್ರಿ?"

"ಬರದದ್ದು ಅದ ಅಲ್ಲಾ, ನೋಡೋದೇನು?"

ಅವರು ಉಳಿ, ಬಾಚಿ, ಉಜ್ಜುಗೊರಡು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿದರು. ಕಿವಿಯ ಮೇಲಿನ ಪೆನ್ಸಿಲ್ ನಮ್ಮದು, ಅದನ್ನು ತೆಗೆದು ಮೇಜಿನ ಮೇಲಿಟ್ಟರು. ಹೋಗಿಬಿಟ್ಟರು.

ವಾರಿಜಾ ಬಂದಾಗ ನಾನು ನಡೆದದ್ದೆಲ್ಲವನ್ನೂ ಬಣ್ಣ ಕಟ್ಟಿ ಹೇಳಿದೆ. ಅವಳು ಬಗ್ಗಿ ಕೂಡನ್ನು ನೋಡಿದಳು. ಬಡಿದಳು. ಎದ್ದು ನಿಂತು, "ಅಮಾಸಿ ದಿವಸ ಮೌನೇಶಪ್ಪ ಊರು ಬಿಟ್ಟ ಬರೂದಿಲ್ಲ. ಮುರದ ಚೂರಿನ ಡಬ್ಬಿ ತಗಿ ನೋಡೋಣು" ಅಂದಳು.

"ತಗೀತೇನಿ. ಸಾಕ್ಷಿ ಅದರಾಗ ಇರ್ತದ" ಅಂತ ಹುರುಪಿನಿಂದಲೇ ಡಬ್ಬಿ ಸುರಿದೆ. ಎಲ್ಲ ಮುರಿದ ಚೂರುಗಳ ನಡುವೆ ಒಂದು ಮಾತ್ರ ಮುರಿಯದೆ ಇಡಿಯಾಗಿತ್ತು. ಮೇಲೆ "ಅಮಾವಾಸ್ಯೆ". ಕೆಳಗೆ ವೈದ್ಯರು ಔಷಧದ ಚೀಟಿಯ ಕೊನೆಗೆ ಗೀಚುವಂಥ ಒಂದು ಸಹಿ. ನನ್ನದೇ ಸಹಿ.

ಆಗ ನೆನಪಾಯಿತು ನೋಡಿ. ಎರಡು ತಿಂಗಳ ಹಿಂದಿನ ಅಮಾವಾಸ್ಯೆ. ವಾರಿಜಾ ಬಟ್ಟೆ ತರಲು ಹುಬ್ಬಳ್ಳಿಗೆ ಹೋಗಿದ್ದಳು. ಅಪ್ಪನ ತರ್ಪಣ ಮುಗಿಸಿ ನಾನು ನೇರವಾಗಿ ಗೋದಾಮಿಗೆ ಬಂದಿದ್ದೆ. ಮೌನೇಶಪ್ಪ ಹಿಂದಿನ ದಿನವೇ ಮೂರನೆಯ ಎಲುಬನ್ನು ಒಪ್ಪವಾಗಿ ಕತ್ತರಿಸಿಟ್ಟಿದ್ದರು, ಅಂಟಿಸುವುದಷ್ಟೇ ಬಾಕಿ. ತಂಗಿ ಬರುವುದರೊಳಗೆ ಮುಗಿಸಿಡೋಣ ಅನ್ನಿಸಿತು. ತಕ್ಕಡಿಯ ಸೆಲ್ಲು ಮುಗಿದಿತ್ತು. ಜನ್ಮವೆಲ್ಲ ಔಷಧ ಕೂಡಿಸಿದವನಿಗೆ ತಕ್ಕಡಿ ಯಾಕೆ, ಚೀಲದಲ್ಲಿ ತರ್ಪಣದ ಉದ್ಧರಣೆ ಇದೆಯಲ್ಲ ಅಂದುಕೊಂಡೆ. ಮೊದಲು ತೆಳ್ಳನೆಯದನ್ನು ಒಂದು ಉದ್ಧರಣೆ ಹಾಕಿದೆ. ಆಮೇಲೆ ದಪ್ಪನೆಯದು.

ಓದುಗರೇ, ನಿಮ್ಮಲ್ಲಿ ಸಂಧ್ಯಾವಂದನೆ ಮಾಡುವವರಿದ್ದರೆ ನಿಮಗೆ ಆಗಲೇ ತಿಳಿದಿರಬೇಕು. ಆಚಮನಕ್ಕೆ ಉದ್ಧರಣೆ ಎತ್ತಿದ ಕೈ ಎರಡಕ್ಕೆ ನಿಲ್ಲುವುದಿಲ್ಲ. ಕೇಶವಾಯ ಸ್ವಾಹಾ, ನಾರಾಯಣಾಯ ಸ್ವಾಹಾ, ಮಾಧವಾಯ ಸ್ವಾಹಾ. ಮುಂಜಿವೆಯಿಂದ ಇಲ್ಲಿಯವರೆಗೆ ದಿನಕ್ಕೆ ಎರಡು ಹೊತ್ತು ಮೂರು ಮೂರು ಸಲ ಎತ್ತಿದ ಕೈ ಅದು. ಅಂಟಿನ ಡಬ್ಬಿಗೂ ಮೂರು ಸಲ ಹೋಗಿ ಬಂದಿದೆ. ಬಾಯಲ್ಲಿ ಮಂತ್ರವೂ ಬಂದಿರಬೇಕು.

ಮರುದಿನ ಆ ಚೂರನ್ನು ಯಾಕೆ ಮುರಿಯಲಿಲ್ಲ? ನಾನೇ ಮಾಡಿದ್ದು, ನಾನೇನು ಪರೀಕ್ಷೆ ಮಾಡುವುದು ಅಂತ ಡಬ್ಬಿಗೆ ಹಾಕಿಬಿಟ್ಟಿದ್ದೆ.

ಈಗ ಹೆಬ್ಬೆರಳಿನಿಂದ ಮೆಲ್ಲಗೆ ಅದುಮಿದೆ. ಚಟ್ ಅನ್ನಲಿಲ್ಲ. ಎರಡು ಚೂರುಗಳ ನಡುವೆ ಹದ ತಪ್ಪಿದ ಪಾಕದ ಹಾಗೆ ಎಳೆ ಬಂತು. ವಾರಿಜಾ ಅದನ್ನೂ ನೋಡಿದಳು, ನನ್ನನ್ನೂ ನೋಡಿದಳು. ಮಾಳಿಗೆಯ ಕೆಳಗೆ ಬಿದ್ದು ಅಳು ನಿಲ್ಲಿಸಿ ನೋಡಿದ್ದಳಲ್ಲ, ಅದೇ ನೋಟ.

ಬಟ್ಟೆ ಹೊದಿಸಿಬಿಟ್ಟಿದ್ದರೆ? ಅಲ್ಲೇ ಹತ್ತಿಯ ಚೀಲದ ಮೇಲೆ ಕೂತುಬಿಟ್ಟೆ.

ಸಂಜೆಗೆ ಹಿರೇಬೆಂಡಿಗೇರಿಗೆ ಹೋದೆ. ಮೌನೇಶಪ್ಪ ಅಂಗಳದಲ್ಲಿ ಬಾಗಿಲ ಚೌಕಟ್ಟು ಕೂಡಿಸುತ್ತಿದ್ದರು. "ಬರ್ರಿ, ಕುಂದರ್ರಿ" ಅಂದರು, ತಲೆ ಎತ್ತಲಿಲ್ಲ. ಕುಳಿತೆ. ಚಹಾ ಬಂತು, ಕುಡಿಯಲು ಮನಸ್ಸಾಗಲಿಲ್ಲ.

"ತಪ್ಪು ನಂದ್ರೀ ಮೌನೇಶಪ್ಪ. ಅಂಟು ನಾನ ಕೂಡಿಸಿದ್ದೆ. ಎರಡು ಹಾಕೋ ಕಡೆ ಮೂರು ಹಾಕೇನಿ."

"ಎರಡು ಹೋಗಿ ಮೂರು ಹೆಂಗಾತ್ರಿ?"

ಕೈಯಲ್ಲಿ ಉದ್ಧರಣೆ ಹಿಡಿದಂತೆ ಮಾಡಿ ತೋರಿಸಿದೆ. ಅವರ ಮೀಸೆಯ ಒಂದು ತುದಿ ಅಲುಗಿತು. ನಕ್ಕರೋ ಇಲ್ಲವೋ ಹೇಳಲಾರೆ. ಉಳಿ ಕೆಳಗಿಟ್ಟು ಹೇಳಿದರು: "ನೀವು ಸಂಶೇ ಮಾಡಿದ್ದಕ್ಕ ನನಗ ಸಿಟ್ಟಿಲ್ರಿ ಡಾಕ್ಟರ್ ಸಾಹೇಬ್ರ. ಜೀವದ ಕೆಲಸ, ಸಂಶೇ ಇರಾಕ ಬೇಕು. ಆದ್ರ ಕಟಗಿ ಬಡದು ಕೇಳಿದ್ರಿ, ನನ್ನ ಕೇಳಲಿಲ್ಲ."

ನನ್ನ ಕಣ್ಣಲ್ಲಿ ನೀರು ಬಂತು, ಮುಚ್ಚಿಡಲೂ ಇಲ್ಲ. ಅವರೇ ತಣ್ಣಗಾಗಿದ್ದ ಚಹಾವನ್ನು ಒಳಗೆ ಕಳಿಸಿ ಬಿಸಿ ಮಾಡಿಸಿ ತರಿಸಿದರು. "ನಾಳಿಗೆ ಬರ್ತೇನಿ. ಆ ಎಲವು ತಗದು ಹೊಸಾದು ಕೂಡಸೂನು. ಅಂಟು ಮಾತ್ರ ಅಕ್ಕಾರ ಕೂಡಸ್ಲಿ" ಅಂದರು.

ಹೊಸ ಎಲುಬು ಕೂಡಿಸಿ, ಚೂರು ಮುರಿದು ನೋಡಿ, ಆಮೇಲೆ ಭಾರ ಹೇರುವ ಪರೀಕ್ಷೆ ಇಟ್ಟುಕೊಂಡೆವು. ಹಾರುವಾಗ ಗಾಳಿ ರೆಕ್ಕೆಯನ್ನು ಕೆಳಗಿಂದ ಮೇಲಕ್ಕೆ ಒತ್ತುತ್ತದೆ. ಅದಕ್ಕೆ ರೆಕ್ಕೆಯನ್ನು ಮಗುಚಿ ಕಟ್ಟಿ, ಮೇಲೆ ಚೀಲ ಹೇರಿ ತಡೆಯುತ್ತದೋ ಇಲ್ಲವೋ ನೋಡಬೇಕು. ಮರಳಿನ ಬದಲು ಈರಪ್ಪನ ಗೋವಿನಜೋಳವನ್ನೇ ಸಣ್ಣ ಸಣ್ಣ ಚೀಲಗಳಿಗೆ ತುಂಬಿದೆವು. ದಾರಿಯಲ್ಲಿ ಹೋಗುವವರು ನಿಂತು, "ವಿಮಾನದ ಮ್ಯಾಲೆ ಜ್ವಾಳಾ ಒಣಗಸಾಕತ್ತಾರ ನೋಡ್ಲೇ" ಅಂದರು. ಈರಪ್ಪನಿಗೂ ಒಂದು ಸಂಶಯವಿತ್ತು: ರೆಕ್ಕೆ ಮುರಿದರೆ ತನ್ನ ಜೋಳ ಮಣ್ಣಾಗುತ್ತದೆ ಅಂತ ಮೊದಲೇ ಕೆಳಗೆ ತಾಡಪತ್ರಿ ಹಾಸಿದ್ದ.

ಕೊನೆಯ ಚೀಲಕ್ಕೆ ಎಲ್ಲೋ ಕಿರ್ ಅಂತು. ಮೌನೇಶಪ್ಪ ರೆಕ್ಕೆಯ ಬುಡಕ್ಕೆ ಕಿವಿ ಹಚ್ಚಿ ಕೇಳಿ, "ರೆಕ್ಕಿ ಅಲ್ರಿ, ಕೆಳಗಿನ ಕುದರಿ" ಅಂದರು. ಕುದುರೆ ಅಂದರೆ ರೆಕ್ಕೆಗೆ ಆಸರೆ ಕೊಟ್ಟ ಮರದ ಚೌಕಟ್ಟು. ನನಗೆ ತೂರಿ ಹೋಗಿ ನೋಡಬೇಕೆನಿಸಿತು. ಮೌನೇಶಪ್ಪನ ಮುಖ ನೋಡಿ, "ಖರೇ ಏನ್ರಿ?" ಅಂತಷ್ಟೇ ಕೇಳಿದೆ. "ಖರೇರಿ" ಅಂದರು. ನಾನು ತೂರಲಿಲ್ಲ. ನನ್ನ ಜೀವನದಲ್ಲಿ ಬಡಿದು ನೋಡದೆ ನಂಬಿದ ಮೊದಲ ಮಾತು ಅದು.

ಬಟ್ಟೆ ಹೊದಿಸಿದೆವು, ಇಸ್ತ್ರಿ ಹಾಕಿ ಬಿಗಿದೆವು, ಬಣ್ಣ ಬಳಿದೆವು. ತಪಾಸಣೆಯವರು ಬಂದು ನಮಗಿಂತ ಹೆಚ್ಚು ಸಂಶಯಪಟ್ಟು ಹೋದರು. ಅವರ ಮೇಲೆ ನನಗೆ ಬಹಳ ಗೌರವ ಹುಟ್ಟಿತು. ಅಪ್ಪಣೆಯ ಕಾಗದ ಬಂತು. ಒಂದು ಬೆಳಿಗ್ಗೆ, ಗಾಳಿ ಇನ್ನೂ ಎದ್ದಿರಲಿಲ್ಲ, ಹುಲ್ಲಿನ ಬಯಲಿನಲ್ಲಿ ವಿಮಾನ ನಿಂತಿತು. ವಾರಿಜಾ ಹತ್ತಿ ಕೂತಳು. ಮೌನೇಶಪ್ಪ ರೆಕ್ಕೆಯ ತುದಿ ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾನು ದೂರ ನಿಂತಿದ್ದೆ.

"ಅಣ್ಣಾ, ಬಾ ಇಲ್ಲಿ. ಈ ಹೆಗಲಪಟ್ಟಿ ಬಿಗಿ. ಎಡಗೈ ಹಿಂದ ಹೋಗೂದಿಲ್ಲ ನನಗ."

ನೆಟ್ಟಗಾಗದ ಆ ಕೈ. ಹತ್ತಿರ ಹೋದೆ, ಪಟ್ಟಿ ಹಿಡಿದೆ. "ಮೌನೇಶಪ್ಪ ಬಿಗೀಲಿ, ನಾ ಬ್ಯಾಡ" ಅಂದೆ.

"ನೀನ ಬಿಗಿ."

"ವಾರೀ, ಆವತ್ತ ಅಪ್ಪನ ಮುಂದ ನಾ ಸುಳ್ಳು ಹೇಳಿದೆ. ನೀ ಯಾಕ ಬಾಯಿ ಬಿಡಲಿಲ್ಲ?"

ಅವಳು ಮುಂದಿನ ಮಾಪಕಗಳನ್ನು ನೋಡುತ್ತಲೇ ಹೇಳಿದಳು: "ಹೇಳಿದ್ರ ಅಪ್ಪ ನಿನಗ ಬಡೀತಿದ್ರು. ಆಮ್ಯಾಲೆ ನೀ ಜನ್ಮದಾಗ ನನಗ ರೆಕ್ಕಿ ಕಟ್ಟತಿದ್ದಿಲ್ಲ."

ನಾನು ಪಟ್ಟಿಯನ್ನು ಕೊಂಡಿಗೆ ಸಿಕ್ಕಿಸಿ ಬಿಗಿದೆ. ಜಗ್ಗಿ ನೋಡಿದೆ. ಇನ್ನೊಮ್ಮೆ ಜಗ್ಗಿದೆ.

"ಸಾಕೋ, ಇದು ಆಚಮನ ಅಲ್ಲ. ಎರಡ ಸಾಕು" ಅಂತ ನಕ್ಕಳು.

ನಾನು ಮೂರನೆಯ ಸಲವೂ ಜಗ್ಗಿ, ಹಿಂದೆ ಸರಿದು ನಿಂತೆ.